ಅಂಬಾಸಿಡರಿನ ಹಿಂಭಾರ

ಬಂಕಾಪುರ,
ಮಂಗಳವಾರ, ೧೯ ನವೆಂಬರ್ ೨೦೨೪

ಪ್ರೀತಿಯ ಮಗ ಬಸವೇಶನಿಗೆ,

ಅಪ್ಪನ ಆಶೀರ್ವಾದ. ಆರಾಮಾಗಿದ್ದೀ ಎಂದುಕೊಂಡಿದ್ದೇನೆ. ಹೊಟ್ಟೆಯ ಉರಿ ಕಡಿಮೆಯಾಯಿತೋ ಇಲ್ಲವೋ ಬರೆ. ಮಡಗಾಂವದ ಖಾನಾವಳಿಯಲ್ಲಿ ಎಲ್ಲದಕ್ಕೂ ತೆಂಗಿನಕಾಯಿ ಸುರಿಯುತ್ತಾರೆ, ರೊಟ್ಟಿ ಕಾಣದೆ ಹುಡುಗ ಸೊರಗಿರುತ್ತಾನೆ ಎಂದು ನಿನ್ನ ಅವ್ವ ದಿನಾ ಒಲೆಯ ಮುಂದೆ ನನ್ನ ಮೇಲೆ ಹರಿಹಾಯುತ್ತಾಳೆ, ಆ ತೆಂಗಿನಕಾಯಿಯನ್ನು ನಾನೇ ಸುರಿದ ಹಾಗೆ. ಮೊಣಕಾಲು ಬಿಟ್ಟರೆ ಅವಳ ಉಳಿದದ್ದೆಲ್ಲ ಗಟ್ಟಿಯಾಗಿದೆ, ಬಾಯಿ ಎಲ್ಲಕ್ಕಿಂತ ಗಟ್ಟಿ. ಸೊಸೆ ಶ್ವೇತಾ ಹೊಲಿಗೆ ಕ್ಲಾಸು ನಡೆಸಿದ್ದಾಳೆ. ನಿನ್ನ ಹೆಸರು ಬಂದಾಗ ಮಾತ್ರ ಸೂಜಿಗೆ ದಾರ ಪೋಣಿಸುವುದು ತಡವಾಗುತ್ತದೆ. ಮೊಮ್ಮಗಳು ನೀಲಾಂಬಿಕಾಳ ಹೆಗಲಿನ ಎಲುಬು ಪೂರ್ತಿ ಕೂಡಿದೆ. ಹುಬ್ಬಳ್ಳಿಯ ಡಾಕ್ಟರು ಆಗಸ್ಟಿನಲ್ಲೇ ಸೈಕಲ್ ಹತ್ತಲು ಒಪ್ಪಿಗೆ ಕೊಟ್ಟರು. ಇನ್ನು ನನ್ನದು. ಒಂದು ಕಡೆ ಕೂತು ಚಹಾ ಕುಡಿಯಲು ಆಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ, ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿ ಬಂದೆ.

ಫೋನ್ ಇರುವಾಗ ಅಪ್ಪ ಪತ್ರ ಯಾಕೆ ಬರೆದ ಎಂದು ಕೇಳುತ್ತೀ. ಫೋನಿನಲ್ಲಿ ನೀನು ಹೂಂ ಹೂಂ ಅನ್ನುತ್ತೀ, ನಾನು ಕಾರಿನ ಸುದ್ದಿ ತೆಗೆದ ಕೂಡಲೇ "ಗಿರಾಕಿ ಬಂದಾರಪ್ಪಾ, ಆಮ್ಯಾಲೆ ಮಾಡ್ತೇನಿ" ಎಂದು ಇಟ್ಟುಬಿಡುತ್ತೀ. ನಲ್ಲಿ, ಪೈಪು ಮಾರುವ ಅಂಗಡಿಗೆ ಅಷ್ಟು ಗಿರಾಕಿಗಳು ಬರುತ್ತಿದ್ದರೆ ಗೋವಾದಲ್ಲಿ ಒಂದು ಮನೆಯಲ್ಲೂ ನೀರು ಸೋರಬಾರದಿತ್ತು. ಪತ್ರವನ್ನು ಅರ್ಧಕ್ಕೆ ಇಡಲು ಬರುವುದಿಲ್ಲ. ಇಟ್ಟರೂ ಅದು ಅಲ್ಲೇ ಕೂತಿರುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನೀನು ಹುಡುಕುವುದು ಬೇಡ. ಬರುವ ಭಾನುವಾರ ಹಿರೇಕೆರೂರಿನಲ್ಲಿ ನೀಲಾಂಬಿಕಾಳ ಸೈಕಲ್ ರೇಸ್ ಇದೆ. ಅದರಲ್ಲಿ ಮುಂದೆ ಬಂದ ಹುಡುಗಿಯರನ್ನು ಕ್ರೀಡಾ ಹಾಸ್ಟೆಲಿಗೆ ಆರಿಸುತ್ತಾರೆ. ನೀನು ಊರಿಗೆ ಬರಬೇಕು, ನಮ್ಮ ಅಂಬಾಸಿಡರಿನ ಸ್ಟೇರಿಂಗ್ ಹಿಡಿಯಬೇಕು, ಸೈಕಲ್ಲುಗಳನ್ನು ಹಿಂದೆ ಕಟ್ಟಿಕೊಂಡು ಅವಳನ್ನು ನೀನೇ ಕರೆದುಕೊಂಡು ಹೋಗಬೇಕು. ಇದಕ್ಕೇ ಬರೆಯುತ್ತಿದ್ದೇನೆ.

ಈಗಲೇ ಮಡಚಿ ಜೇಬಿಗೆ ಹಾಕಬೇಡ. ಮೇ ತಿಂಗಳ ಸುದ್ದಿ ತೆಗೆಯಲೇಬೇಕು. ತಿಳವಳ್ಳಿಯ ನಿನ್ನ ಮಾವನ ಮನೆಯಿಂದ ನೀನು ಮತ್ತು ನೀಲಾ ಸಂಜೆ ಹೊರಟಿರಿ. ಹಿಂದೆ ನೀನೇ ವೆಲ್ಡಿಂಗ್ ಮಾಡಿಸಿದ ಸ್ಟ್ಯಾಂಡಿನಲ್ಲಿ ಅವಳದೊಂದು ಸೈಕಲ್ಲು, ನಿನ್ನದೊಂದು. ಹಾನಗಲ್ ದಾಟಿ ಬಂಕಾಪುರದ ಕಡೆ ಬರುವಾಗ ಆ ತಿರುವಿನಲ್ಲಿ ಕಾರು ನೇರ ಗಟಾರಕ್ಕೆ ಹೋಯಿತು. ಮಗುವಿನ ಎಲುಬು ಮುರಿಯಿತು, ನಿನಗೆ ಗೀರು ಗಾಯ ಕೂಡ ಆಗಲಿಲ್ಲ. ಅದೇ ನಿನ್ನನ್ನು ಹೆಚ್ಚು ತಿಂದಿತು ಎಂದು ನನಗೆ ಗೊತ್ತು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೀನು ನನಗೆ ಹೇಳಿದ್ದು ಒಂದೇ ಮಾತು: "ಸ್ಟೇರಿಂಗ್ ತಿರುವಿದೆ ಅಪ್ಪಾ, ಗಾಡಿ ತಿರುಗಲಿಲ್ಲ." ಬಂದ ಬೀಗರು, ನೆಂಟರು ಎಲ್ಲ ತಲೆ ಅಲ್ಲಾಡಿಸಿದರು. ಜೋರಾಗಿ ಹೊಡೆದಿರಬೇಕು ಅಂದರು, ಫೋನ್ ನೋಡಿರಬೇಕು ಅಂದರು. ಕೊನೆಗೆ ನೀನೇ ನಿನ್ನ ಮಾತನ್ನು ನಂಬುವುದು ಬಿಟ್ಟೆ. ಕಾರಿನ ಕೀಲಿಯನ್ನು ಮೊಳೆಗೆ ತೂಗುಹಾಕಿ, ನನ್ನ ಕೈಯಲ್ಲಿ ಗಾಡಿ ಬೇಡ ಎಂದು ಜೂನಿನಲ್ಲಿ ಮಡಗಾಂವದ ಬಸ್ಸು ಹತ್ತಿದೆ. ಅವತ್ತಿನಿಂದ ಒಂದು ಮೋಟಾರ್ ಸೈಕಲ್ಲನ್ನೂ ನೀನು ಮುಟ್ಟಿಲ್ಲವಂತೆ. ಶ್ವೇತಾ ಹೇಳಿದಳು.

ನಾನು ಅವತ್ತು ಏನೂ ಹೇಳಲಿಲ್ಲ, ಯಾಕೆಂದರೆ ಏನೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಬಸವೇಶ, ನೀನು ಸ್ಟೇರಿಂಗ್ ತಿರುವಿದ್ದು ನಿಜ, ಗಾಡಿ ತಿರುಗದೆ ಇದ್ದದ್ದೂ ನಿಜ. ಇದನ್ನು ಸಮಾಧಾನಕ್ಕೆ ಹೇಳುವ ಅಪ್ಪ ನಾನಲ್ಲ, ನಿನಗೆ ಗೊತ್ತು. ನನ್ನ ಕೈಯಲ್ಲೇ ಅದು ಹಾಗಾದದ್ದರಿಂದ ಹೇಳುತ್ತಿದ್ದೇನೆ.

ಕಳೆದ ತಿಂಗಳು ನೀಲಾಳ ಸೈಕಲ್ಲನ್ನೂ ಪಕ್ಕದ ಮನೆ ಚಾಂದಬಿಯ ಮೊಮ್ಮಗಳು ಶಾಕೀರಾಳ ಸೈಕಲ್ಲನ್ನೂ ಗಾಲಿ ಸರಿಮಾಡಿಸಲು ಸವಣೂರಿಗೆ ಒಯ್ದಿದ್ದೆ. ಆ ಹುಡುಗಿಯೂ ಇವಳ ಜೊತೆ ರೇಸಿಗೆ ನಿಂತಿದ್ದಾಳೆ. ಇಬ್ಬರೂ ಬೆಳಗಿನ ಜಾವ ಕೋಟೆಯ ಹಿಂದಿನ ರಸ್ತೆಯಲ್ಲಿ ಹೊರಟರೆ ನವಿಲುಗಳೇ ದಾರಿ ಬಿಡುತ್ತವೆ. ಹುಡುಗಿಯರು ಶಾಲೆಯಲ್ಲಿದ್ದರು, ನಾನೊಬ್ಬನೇ ಹೋದೆ. ಹೋಗುವಾಗ ಗಾಡಿ ಚೆನ್ನಾಗಿಯೇ ಇತ್ತು. ಸವಣೂರಿನಲ್ಲಿ ನಿನ್ನ ಸೋದರತ್ತೆ ಬಿಡುತ್ತಾಳೆಯೇ? ಒಂದು ಚೀಲ ಶೇಂಗಾ, ಅರ್ಧ ಚೀಲ ಜೋಳ, ಒಂದು ಡಬ್ಬಿ ಖಾರ, ಮೇಲೆ ವೀಳ್ಯದೆಲೆಯ ಪೆಂಡಿ, ಎಲ್ಲ ಡಿಕ್ಕಿಗೆ ತುರುಕಿದಳು. ಬಂದ ಗಾಡಿಯನ್ನು ಖಾಲಿ ಡಿಕ್ಕಿಯಲ್ಲಿ ಕಳಿಸುವುದು ನಮ್ಮ ಕಡೆ ಮರ್ಯಾದೆಯಲ್ಲ, ಬೇಡ ಅಂದರೆ ಅಳುವ ಹೆಂಗಸು ಅವಳು. ನಾನೂ ಸುಮ್ಮನೆ ಹೊರಟೆ. ಊರು ದಾಟಿದ ಮೇಲೆ ಸ್ಟೇರಿಂಗ್ ಯಾಕೋ ಬಹಳ ಹಗುರ ಅನಿಸಿತು. ಹಳೇ ಅಂಬಾಸಿಡರಿನ ಸ್ಟೇರಿಂಗ್ ಹಗುರವಾಗುವುದು ಅಂದರೆ ನಿನ್ನ ಅವ್ವ ಜಗಳದಲ್ಲಿ ಸುಮ್ಮನಾದ ಹಾಗೆ, ಏನೋ ಕೆಟ್ಟಿದೆ ಎಂದೇ ಅರ್ಥ. ಮುಂದೆ ತಿರುವು ಬಂತು. ತಿರುವಿದೆ. ಗಾಡಿ ಒಂದು ಕ್ಷಣ ನೇರವಾಗೇ ಹೋಯಿತು. ಮೆಲ್ಲಗೆ ಹೋಗುತ್ತಿದ್ದೆ, ಬ್ರೇಕ್ ಒತ್ತಿದೆ, ಮೂತಿ ಕೆಳಗಿಳಿಯಿತು, ಆಗ ತಿರುಗಿತು. ಬೇವಿನ ಮರದ ಕೆಳಗೆ ನಿಲ್ಲಿಸಿ ಬಹಳ ಹೊತ್ತು ಇಳಿಯಲಿಲ್ಲ. ಭಯಕ್ಕಲ್ಲ, ನಿನ್ನ ಮಾತು ಕಿವಿಯಲ್ಲಿ ಕೇಳಿದ್ದಕ್ಕೆ.

ಇಳಿದು ನೋಡಿದರೆ ಹಿಂದಿನ ಮಡ್‌ಗಾರ್ಡು ಟೈರಿನ ಮೇಲೆ ಕೂತೇಬಿಟ್ಟಿತ್ತು, ನಡುವೆ ಬೆರಳು ತೂರುತ್ತಿರಲಿಲ್ಲ. ಮುಂದಿನ ದೀಪಗಳು ಮರದ ಕೊಂಬೆ ನೋಡುತ್ತಿದ್ದವು. ಮುಂದಿನ ಗಾಲಿಯ ಮೇಲೆ ಭಾರವೇ ಇಲ್ಲದಿದ್ದರೆ ಅದು ರಸ್ತೆಯನ್ನು ಹಿಡಿಯುವುದು ಹೇಗೆ? ನಿನ್ನದು ಸಂಜೆಯ ಹೊತ್ತು ಬೇರೆ. ದೀಪದ ಬೆಳಕು ರಸ್ತೆಗೆ ಬಿದ್ದಿರಲಿಕ್ಕೂ ಇಲ್ಲ. ಮನೆಗೆ ಬಂದವನೇ ನಿನ್ನ ಮಾವನಿಗೆ ಫೋನ್ ಮಾಡಿ, ಅವತ್ತು ಡಿಕ್ಕಿಯಲ್ಲಿ ಏನೇನು ಇಟ್ಟಿದ್ದಿರಿ ಎಂದು ಕೇಳಿದೆ. ಒಂದು ಚೀಲ ಹೊಸ ಅಕ್ಕಿ, ಮಾವಿನಹಣ್ಣಿನ ಪೆಟ್ಟಿಗೆ, ಮೇಲೆ ಮೆಕ್ಕೆಜೋಳದ ಗಂಟು. ಸಂತೋಷದಿಂದ ಹೇಳಿದರು, ಪಾಪ. ಯಾಕೆ ಕೇಳಿದೆ ಎಂದು ನಾನು ಹೇಳಲಿಲ್ಲ.

ಇನ್ನು ನನ್ನ ದಡ್ಡತನ ಕೇಳು, ನಗು ಬಂದರೆ ನಗು. ಆಯುಷ್ಯವೆಲ್ಲ ಬಸ್ಸು ಹೊಡೆದವನು ನಾನು. ಹಿಂದೆ ಕುಸಿಯಿತು ಅಂದರೆ ಡಿಪೋದಲ್ಲಿ ನಮಗೆ ಗೊತ್ತಿದ್ದದ್ದು ಒಂದೇ ಮದ್ದು, ಸ್ಪ್ರಿಂಗ್ ಕಮಾನಿಗೆ ಇನ್ನೊಂದು ಉಕ್ಕಿನ ಪಾಟಾ ಹಾಕುವುದು. ಶಿಗ್ಗಾವಿಯ ಹೈವೇ ಮಗ್ಗುಲಿನ ಗುದ್ಲೆಪ್ಪನ ಅಂಗಡಿಗೆ ಹೋಗಿ, ಹಿಂದಿನ ಎರಡೂ ಕಮಾನುಗಳಿಗೆ ಎರಡೆರಡು ಪಾಟಾ ಜಾಸ್ತಿ ಹಾಕು ಅಂದೆ. ಅವನು "ಇದೇನು ಸಕ್ಕರಿ ಫ್ಯಾಕ್ಟರಿಗೆ ಕಬ್ಬು ಹೇರೂ ಗಾಡಿ ಏನೋ ಕರಿಬಸಪ್ಪಾ" ಎಂದು ನಕ್ಕ. ನಾನು ಸಿಟ್ಟಾದೆ, ಅವನು ಹಾಕಿಕೊಟ್ಟ. ಕಾರು ಹಿಂಬದಿ ಎತ್ತಿಕೊಂಡು ನಿಂತಿತು. ನನಗೆ ಪರಮಾನಂದ. ಮರುದಿನ ಸೈಕಲ್ಲು ಕಟ್ಟಿ, ನಿನ್ನ ಅವ್ವನನ್ನು ಹಿಂದೆ ಕೂರಿಸಿಕೊಂಡು ಹಾನಗಲ್ ರಸ್ತೆಗೆ ಇಳಿದೆ. ಒಂದೊಂದು ತಗ್ಗಿಗೂ ಗಾಡಿ ಜಿಗಿಯಿತು. ಅವಳ ತಲೆ ಮೇಲಿನ ತಗಡಿಗೆ ಬಡಿಯಿತು, ಅದರ ಸುದ್ದಿ ಇನ್ನೂ ಮುಗಿದಿಲ್ಲ. ಶಾಕೀರಾಳ ಸೈಕಲ್ಲು ಕೊಕ್ಕೆಯಿಂದ ಹಾರಿ ಜೋತುಬಿದ್ದು ರಿಮ್ಮು ಸೊಟ್ಟಗಾಯಿತು. ತಂದು ಕೊಟ್ಟಾಗ ಚಾಂದಬಿ ಅದನ್ನು ತಿರುಗಿಸಿ ನೋಡಿ, "ಡ್ರೈವರ್ ಸಾಹೇಬ್ರು ಸೈಕಲ್ಲಿಗೂ ಬ್ರೇಕ್ ಹಾಕೋದು ಕಲಿಸ್ಯಾರ" ಅಂದಳು. ರಿಮ್ಮು ನಾನೇ ಹೊಸದು ಹಾಕಿಸಿದೆ, ಮಾನ ಮಾತ್ರ ಸೊಟ್ಟಗೇ ಉಳಿಯಿತು.

ಆವತ್ತು ಮಧ್ಯಾಹ್ನ ಹಣೆಗೆ ಅರಿಷಿಣ ಹಚ್ಚಿಕೊಂಡು ಕೂತಿದ್ದ ನಿನ್ನ ಅವ್ವ ಹಾಲವ್ವ ಒಂದು ಮಾತು ಹೇಳಿದಳು. ಅವಳು ಹಿರೇಕೆರೂರು ಕಡೆಯ ಒಕ್ಕಲುತನದ ಮನೆಯವಳು, ಹತ್ತು ವರ್ಷದವಳಿದ್ದಾಗಲೇ ಚಕ್ಕಡಿ ಹೊಡೆದವಳು, ಅದನ್ನು ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದಾಳೆ, ನಾನು ಕೇಳಿಸಿಕೊಂಡಿರಲಿಲ್ಲ. "ನೀವು ಅಚ್ಚಿಗೆ ಬಲಾ ಕೊಡಾಕ ಹೊಂಟೀರಿ. ಹೇರು ಎಲ್ಲಿ ಕುಂತೈತಿ ಅದನ್ನ ನೋಡೀರೇನು? ಹಿಂಭಾರ ಆಗೇತ್ರಿ ಅದು" ಅಂದಳು. ನೀನು ಚಕ್ಕಡಿ ಹೊಡೆದಿಲ್ಲ, ಬಿಡಿಸಿ ಹೇಳುತ್ತೇನೆ. ಚಕ್ಕಡಿಯ ಚೀಲಗಳು ಅಚ್ಚಿನ ಹಿಂದಕ್ಕೆ ಜಾರಿದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಎತ್ತುಗಳ ಕಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ, ಎಳೆದ ಕಡೆ ಗಾಡಿ ಬರುವುದಿಲ್ಲ. ಆಗ ಒಕ್ಕಲಿಗ ಹೊಸ ಅಚ್ಚು ಮಾಡಿಸಲು ಬಡಿಗನ ಹತ್ತಿರ ಓಡುವುದಿಲ್ಲ, ಎರಡು ಚೀಲ ಮುಂದಕ್ಕೆ ಸರಿಸುತ್ತಾನೆ. ಅಷ್ಟೇ. ನಮ್ಮ ಕಾರಿನ ಡಿಕ್ಕಿ ಇರುವುದು ಅಚ್ಚಿನ ಹಿಂದೆ, ಸ್ಟ್ಯಾಂಡು ಇರುವುದು ಅದಕ್ಕೂ ಹಿಂದೆ, ಮೊಳ ದೂರ ಚಾಚಿಕೊಂಡು. ಆ ದೂರಕ್ಕೆ ಹಗುರ ಸೈಕಲ್ಲೂ ಹೆಣಭಾರ. ಅದಕ್ಕೆ ಜೊತೆಯಾಗಿ ನೆಂಟರ ಚೀಲಗಳು. ಚಕ್ಕಡಿ ಹೇರುವಾಗ ನಮ್ಮ ಜನ ಕಣ್ಣುಮುಚ್ಚಿ ಸರಿಯಾಗಿ ಹೇರುತ್ತಾರೆ, ಅದೇ ಜನ ಕಾರು ಬಂದರೆ ಡಿಕ್ಕಿ ಅಂದರೆ ಕಣಜ ಅಂದುಕೊಳ್ಳುತ್ತಾರೆ. ನಾನೂ ಅದೇ ಜಾತಿ.

ಅವಳು ಅಷ್ಟಕ್ಕೆ ಬಿಡಲಿಲ್ಲ. ನನ್ನ ಮುಖ ನೋಡದೆ, "ಹಿಂಭಾರ ಆದ ಚಕ್ಕಡಿ ಗಟಾರಕ್ಕ ಬಿದ್ರ ಎತ್ತಿಗೆ ಬೈತಾರೇನ್ರಿ? ನನ್ನ ಮಗ ತಪ್ಪಿಲ್ಲದ ಬೈಸ್ಕೊಂಡು ಹೋದ" ಅಂದಳು. ಆಮೇಲೆ ಎದ್ದು ಹಿತ್ತಲಿಗೆ ಹೋದಳು. ನಾನು ಹೋಗಿ ಕರೆಯಲಿಲ್ಲ. ನಿನ್ನನ್ನು ಬೈದವರಲ್ಲಿ ಜೋರು ದನಿ ನಿನ್ನದೇ ಇತ್ತಲ್ಲೋ.

ಈಗ ಏನೇನು ಮಾಡಿದ್ದೇವೆ ಹೇಳುತ್ತೇನೆ, ನೀನು ಮೆಕ್ಯಾನಿಕ್ ಬುದ್ಧಿಯವನು, ನಂಬಿಕೆ ಬರಬೇಕು. ಗುದ್ಲೆಪ್ಪನ ಹತ್ತಿರ ಮತ್ತೆ ಹೋಗಿ ಆ ಹೆಚ್ಚಿನ ಪಾಟಾ ಬಿಚ್ಚಿಸಿದೆ. ಹಳೇ ಪಾಟಾಗಳನ್ನು ಇಳಿಸಿ ನೋಡಿದರೆ ಎಡಗಡೆಯ ದೊಡ್ಡ ಪಾಟಾ ನಡುವೆ ಕೂದಲಿನಷ್ಟು ಸೀಳಿತ್ತು, ಉಳಿದವು ಇಪ್ಪತ್ತೈದು ವರ್ಷದ ದುಡಿತಕ್ಕೆ ಚಪ್ಪಟೆಯಾಗಿದ್ದವು. ಸೀಳಿದ್ದಕ್ಕೆ ಹೊಸದು ಹಾಕಿಸಿ, ಉಳಿದವನ್ನು ಕಾಯಿಸಿ ಕಮಾನು ಕೊಡಿಸಿದೆ. ಎಷ್ಟು ಇದ್ದವೋ ಅಷ್ಟೇ, ಒಂದೂ ಹೆಚ್ಚಿಲ್ಲ. ಸೋರುತ್ತಿದ್ದ ಶಾಕ್‌ಅಬ್ಸಾರ್ಬರ್ ಎರಡೂ ಹೊಸವು. ನಿನ್ನ ಸ್ಟ್ಯಾಂಡಿನ ತೋಳನ್ನು ಕತ್ತರಿಸಿ, ಸೈಕಲ್ಲು ಡಿಕ್ಕಿಯ ಬಾಗಿಲಿಗೆ ಆತು ನಿಲ್ಲುವಷ್ಟು ಗಿಡ್ಡ ಮಾಡಿಸಿದ್ದೇನೆ. ನಿನ್ನ ಕೆಲಸ ಕೆಡಿಸಿದೆ ಎಂದು ಸಿಟ್ಟಾಗಬೇಡ, ವೆಲ್ಡಿಂಗ್ ನಿನ್ನದೇ ಗಟ್ಟಿ ಇತ್ತು, ಕತ್ತರಿಸಲು ಅರ್ಧ ದಿನ ಹಿಡಿಯಿತು. ಭಾರದ ಸೈಕಲ್ಲು ಒಳಗೆ, ಹಗುರದ್ದು ಹೊರಗೆ. ಎರಡರ ಮುಂದಿನ ಗಾಲಿ ಬಿಚ್ಚಿ ಹಿಂದಿನ ಸೀಟಿನ ಕಾಲ ಹತ್ತಿರ ಇಡುವುದು. ಸ್ಟೆಪ್ನಿ, ಜಾಕು, ನೀರಿನ ಕ್ಯಾನು ಎಲ್ಲ ಮುಂದಿನ ಸೀಟಿನ ಬೆನ್ನಿಗೆ. ಡಿಕ್ಕಿಯಲ್ಲಿ ಒಂದು ಟವೆಲ್ಲು ಸಹ ಇಲ್ಲ. ಹಿಂದಿನ ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ. ಟಾಪಿನ ಮೇಲೆ ಕಟ್ಟಬಹುದಲ್ಲ ಅನ್ನುತ್ತೀ, ಅಲ್ಲಿನ ತಗಡಿನ ಅಂಚು ತುಕ್ಕು ತಿಂದಿದೆ, ನಂಬುವ ಹಾಗಿಲ್ಲ. ಬಸ್ಸಿನಲ್ಲಿ ಸೈಕಲ್ಲು ಕಳಿಸೋಣ ಅಂದರೆ ಮುಂಜಾನೆಯ ಮೊದಲ ಬಸ್ಸು ಮುಟ್ಟುವ ಹೊತ್ತಿಗೆ ರೇಸು ಮುಗಿದಿರುತ್ತದೆ.

ಎಲ್ಲ ಕಟ್ಟಿ ಅದೇ ಹಾನಗಲ್ ರಸ್ತೆಯ ಅದೇ ತಿರುವಿಗೆ ಹೋದೆ. ಗುದ್ಲೆಪ್ಪ ರಸ್ತೆಯ ಬದಿಗೆ ನಿಂತು ನೋಡಿದ. ಮೊದಲು ಮೆಲ್ಲಗೆ, ಆಮೇಲೆ ನೀನು ಹೋಗುವ ವೇಗದಲ್ಲಿ. ಗಾಡಿ ತಿರುಗಿತು. ಇನ್ನೊಂದು ಸಲ ಹೋದೆ, ತಿರುಗಿತು. ಟೈರು ಮತ್ತು ಮಡ್‌ಗಾರ್ಡಿನ ನಡುವೆ ನನ್ನ ನಾಲ್ಕು ಬೆರಳು ಆರಾಮವಾಗಿ ಹೋಗುತ್ತವೆ. ದೀಪ ರಸ್ತೆಗೇ ಬೀಳುತ್ತದೆ. ಗುದ್ಲೆಪ್ಪ ಹತ್ತಿರ ಬಂದು, "ಇದನ್ನ ಅಂವಗ ಹೇಳಿಯೇನು?" ಎಂದು ಕೇಳಿದ. ನಾನು ಇಲ್ಲ ಅಂದೆ. "ಮತ್ತ ನಂಗ್ಯಾಕ ತೋರಸ್ತಿ, ಅಂವಗ ಹೇಳು" ಅಂದ. ಅವನು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ ಎಂದು ತಿಳಿಯಬೇಡ, ಹೇಗೂ ಬರೆಯುವವನಿದ್ದೆ.

ಮತ್ತೆ ಎದ್ದು ಹೋಗಿ ನಾಲ್ಕು ಬೆರಳು ಹಾಕಿ ನೋಡಿ ಬಂದೆ. ಇವತ್ತು ಯಾರೂ ಅದರಲ್ಲಿ ಕೂತೂ ಇಲ್ಲ, ಏನೂ ಹೇರಿಲ್ಲ, ಆದರೂ ನೋಡುತ್ತೇನೆ. ನಿನ್ನ ಅವ್ವ "ಗಾಡಿಗೆ ದೃಷ್ಟಿ ಆದೀತ್ರಿ, ಸಾಕು ಬರ್ರಿ ಒಳಗ" ಅನ್ನುತ್ತಿದ್ದಾಳೆ. ನಿನ್ನ ಮಾವನಿಗೂ ಹೇಳಿಬಿಟ್ಟಿದ್ದೇನೆ, ಭಾನುವಾರ ತಿಳವಳ್ಳಿಯ ಮೇಲೆ ಹೋದರೂ ಸೈಕಲ್ಲು ಕಟ್ಟಿದ ಗಾಡಿಗೆ ಒಂದು ಸೇರು ಅಕ್ಕಿಯನ್ನೂ ಹಾಕಬಾರದು ಎಂದು. ಅವರು ಮುಖ ಊದಿಸಿಕೊಂಡಿದ್ದಾರೆ. ಕೊಡುವುದಿದ್ದರೆ ಉಗಾದಿಗೆ ಎತ್ತಿನ ಗಾಡಿಯಲ್ಲಿ ಕಳಿಸಲಿ.

ಬಸವೇಶ, ನೀನು ಅಲ್ಲಿ ಕೂತು ನಿನ್ನ ಕೈಯನ್ನು ಹಳಿದುಕೊಳ್ಳುವುದು ನನಗೆ ಸಹಿಸಲಾಗುತ್ತಿಲ್ಲ. ಅದು ಒಳ್ಳೆಯ ಕೈ. ಅದನ್ನು ಸ್ಟೇರಿಂಗಿನ ಮೇಲೆ ಇಡುವುದನ್ನು ಕಲಿಸಿದವನು ನಾನು, ನನಗಿಂತ ಚೆನ್ನಾಗಿ ಅದರ ಗುಣ ಇನ್ನಾರಿಗೂ ಗೊತ್ತಿಲ್ಲ. ನೀನಿಲ್ಲದೆ ಮನೆ ನಡೆದಿದೆ, ನಡೆಯುತ್ತದೆ, ಆದರೆ ನನಗೆ ಬೇಸರವಾಗಿದೆ. ಇದನ್ನು ಫೋನಿನಲ್ಲಿ ಹೇಳಲು ನನಗೆ ಆಗುತ್ತಿರಲಿಲ್ಲ, ನೀನು ಇಡದಿದ್ದರೆ ನಾನೇ ಇಟ್ಟುಬಿಡುತ್ತಿದ್ದೆ.

ಅವ್ವ ನಿನಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಾಳೆ. ಮಡಗಾಂವಕ್ಕೆ ಹೋಗುವ ಬಸ್ಸಿನ ಡ್ರೈವರ್ ನನ್ನ ಕೈಕೆಳಗೆ ಕಲಿತವನು, ಪತ್ರವನ್ನೂ ಗಂಟನ್ನೂ ಅವನ ಕೈಗೆ ಕೊಡುತ್ತೇನೆ, ಅಂಚೆಯನ್ನು ಕಾಯುವಷ್ಟು ತಾಳ್ಮೆ ನನಗಿಲ್ಲ. ನಿನ್ನ ಅಂಗಡಿಯ ಮಾಲೀಕರಿಗೆ ನನ್ನ ನಮಸ್ಕಾರ ಹೇಳು. ಶ್ವೇತಾ ರೊಟ್ಟಿಯ ಗಂಟಿಗೆ ನಿನ್ನ ನೀಲಿ ಸ್ವೆಟರ್ ಸೇರಿಸಿದಳು. ದೇವರು ನಿನಗೆ ಆಯುಷ್ಯ, ಆರೋಗ್ಯ ಕೊಡಲಿ, ಬರುವ ದಾರಿಯಲ್ಲಿ ಕಿಟಕಿಯ ಕಡೆಯ ಸೀಟು ಸಿಗಲಿ.

ನಿನ್ನ ಅಪ್ಪ,
ಕರಿಬಸಪ್ಪ

ತಾ.ಕ.: ಬಸ್ಸು ಬರುವ ಹೊತ್ತಾಯಿತು, ನಿಂತುಕೊಂಡೇ ಬರೆಯುತ್ತಿದ್ದೇನೆ. ಒಂದು ಮಾತು ಬರೆಯಬೇಕೋ ಬೇಡವೋ ಎಂದು ಬೆಳಗಿನಿಂದ ಒದ್ದಾಡುತ್ತಿದ್ದೆ. ನೀನು ಬಾರದಿದ್ದರೆ ಅಪ್ಪ ಹೇಗೂ ಕರೆದುಕೊಂಡು ಹೋಗುತ್ತಾನೆ ಎಂದು ನೀನು ಅಂದುಕೊಳ್ಳುತ್ತೀ. ನಾನೂ ಹಾಗೇ ಅಂದುಕೊಂಡಿದ್ದೆ. ನಿನ್ನೆ ಸಂಜೆ ನೀಲಾಳಿಗೆ ಎಲ್ಲ ತಯಾರಾಗಿದೆ, ಭಾನುವಾರ ನಾನೇ ಹೊಡೆಯುತ್ತೇನೆ ಅಂದೆ. ಅವಳು ಸೈಕಲ್ಲು ಒರೆಸುತ್ತಾ, "ನೀ ಬ್ಯಾಡ ಅಜ್ಜಾ. ಅಪ್ಪ ಹೊಡದ್ರ ಹೋಗೋದು, ಇಲ್ಲಂದ್ರ ಇಲ್ಲ. ಆ ತಿರುವಿನ್ಯಾಗ ನಾನು ಅಪ್ಪನ ಮಗ್ಗಲದಾಗ ಮುಂದ ಕುಂದ್ರಬೇಕು" ಅಂದಳು. ನನ್ನ ಇಡೀ ಸರ್ವಿಸ್ಸಿನಲ್ಲಿ ನನ್ನ ಬಸ್ಸು ಹತ್ತಲಾರೆ ಅಂದ ಪ್ಯಾಸೆಂಜರ್ ಇವಳೊಬ್ಬಳೇ. ಎಷ್ಟು ಹೇಳಿದರೂ ಕೇಳಲಿಲ್ಲ. ಶಾಕೀರಾಳಿಗೆ ಬೇರೆ ಗಾಡಿ ನೋಡಿಕೋ ಎಂದು ಹೇಳಿಯೂ ಬಂದಿದ್ದಾಳೆ. ಈ ಪತ್ರದ ಸುದ್ದಿ ಅವಳಿಗೆ ಗೊತ್ತಿಲ್ಲ. ನೀನು ಬರುವುದಿಲ್ಲವಾದರೆ ಅದನ್ನು ಅವಳಿಗೆ ನಾನು ಹೇಳುವುದಿಲ್ಲ, ಶ್ವೇತಾಳೂ ಹೇಳುವುದಿಲ್ಲ, ಅವ್ವನೂ ಹೇಳುವುದಿಲ್ಲ. ನೀನೇ ಫೋನ್ ಮಾಡಿ ನೀಲಾಳಿಗೆ ಹೇಳು.